ಹಾರ್ಮ್ ಟ್ಯಾಡೆನ್‌ನ ಎಂಟು ಸಾಲು

ಏಪ್ರಿಲ್ ಹರಾಜಿನಲ್ಲಿ ಕೊಂಡದ್ದು,
ಬಣ್ಣ ಮಾಸಿದ ಎಂಟು ಸಾಲಿನ ಮೆಕ್ಕೆಜೋಳದ ತಲೆ.
ಬೇಲಿಯಾಚೆಯ ಹಾರ್ಮ್ ಟ್ಯಾಡೆನ್ ಬೇಸಾಯ ಬಿಟ್ಟ,
ನಾನು ಕೈಯೆತ್ತಿದೆ, ಇನ್ಯಾರೂ ಎತ್ತಲಿಲ್ಲ.

ಈಗ ಆಗಸ್ಟ್ ಕೊನೆ. ಗ್ರಂಡಿ ಕೌಂಟಿಯ ಹೊಲಗಳಲ್ಲಿ
ಅಡಿಯೆಲೆ ಹಳದಿಗೆ ತಿರುಗಿದೆ.
ಕಂಬೈನಿಗೆ ತಲೆ ಜೋಡಿಸಿ, ಎತ್ತಿ, ಇಳಿಯದಂತೆ
ಸಿಲಿಂಡರಿಗೆ ಕಬ್ಬಿಣದ ಅಡ್ಡೆ ಕೊಟ್ಟು
ಮೂತಿಗಳನ್ನು ಒಂದೊಂದಾಗಿ ಮೇಲಕ್ಕೆ ಮಡಚಿದೆ,
ಹಲ್ಲು ನೋಡಲು ಕುದುರೆಯ ತುಟಿ ಎತ್ತಿದ ಹಾಗೆ.
ಒಳಗೆ ಹೋದ ವರ್ಷದ ರವದಿ,
ತೆನೆಯ ಕೂದಲಲ್ಲೇ ಹೆಣೆದ ಇಲಿಯ ಗೂಡು, ಖಾಲಿ.
ಅದನ್ನು ತೆಗೆದು, ಓದಲು ಕೂತೆ.

ಹೌದು, ಓದಲು. ಇನ್ನೊಬ್ಬರ ಯಂತ್ರ ಬಿಚ್ಚುವುದೆಂದರೆ
ಇನ್ನೊಬ್ಬರ ಲೆಕ್ಕದ ಪುಸ್ತಕ ಬಿಡಿಸಿದ ಹಾಗೆ.
ಮೂರನೆಯ ಸಾಲಿನ ಸರಪಳಿ ಹೊಸದು, ನಾಲ್ಕನೆಯದು ಸವೆದು ಸಡಿಲ:
ನಡುವೆ ಮಳೆ ಬಂದಿರಬೇಕು, ಇಲ್ಲಾ ದುಡ್ಡು ಮುಗಿದಿರಬೇಕು.
ಆರನೆಯ ಗೇರ್‌ಬಾಕ್ಸಿನ ಅಡಿಗೆ ವೆಲ್ಡಿಂಗಿನ ಗಂಟು,
ರಾತ್ರಿಯದ್ದು, ಅವಸರದ್ದು, ನೋಡಲು ಅಸಹ್ಯ.
ಒಂದು ಹನಿ ಎಣ್ಣೆ ಸೋರಿಲ್ಲ.
ಎಂಟೂ ಸಾಲಲ್ಲಿ ಬೋಲ್ಟಿನ ತಲೆಗಳು ಎಡಕ್ಕೆ ಮುಖ ಮಾಡಿವೆ;
ಕಂಪನಿ ಬಲಕ್ಕಿಟ್ಟದ್ದನ್ನು ಒಂದೂ ಬಿಡದೆ ತಿರುಗಿಸಿದ್ದಾನೆ.
ಯಾಕೆಂದು ಆ ಹೊತ್ತು ಯೋಚಿಸಲಿಲ್ಲ.

ರೋಲರಿನ ಅಲಗು ಸವರಿದೆ. ಮೊಂಡು.
ಮೊಂಡು ಅಲಗು ದಂಟನ್ನು ಸೆಳೆಯದು, ಅಗಿಯುತ್ತದೆ,
ಅಗಿದಗಿದು ಬಾಯಿ ಕಟ್ಟಿಕೊಳ್ಳುತ್ತದೆ.
ತಟ್ಟೆಗಳ ನಡುವಿನ ಸಂದು ಇನ್ನೂ ನಾಜೂಕು:
ಹಿಗ್ಗಿತೋ, ತೆನೆಯ ಬುಡ ರೋಲರಿಗೆ ತಾಗಿ
ಕಾಳೆಲ್ಲ ನೆಲದ ಪಾಲು, ಕೈಗೆ ಬಂದದ್ದು ಬಾಯಿಗಿಲ್ಲ;
ಕುಗ್ಗಿತೋ, ದಂಟು ಮುರಿದು ಕಸವೆಲ್ಲ ಒಳಕ್ಕೆ.
ಮುಂದೆ ಒಂದೂಕಾಲು ಅಂಗುಲ, ಹಿಂದೆ ಒಂದೆಳೆ ಹೆಚ್ಚು.
ಆ ಒಂದೆಳೆಯಲ್ಲಿ ಜನವರಿಯ ಗ್ಯಾಸ್ ಬಿಲ್ಲು ಇದೆ,
ಬ್ರಿನ್ನಳ ಹಲ್ಲಿಗೆ ಹಾಕಿಸಿದ ತಂತಿ ಇದೆ.

ಬ್ರಿನ್ ಮೇಲೆ ಕ್ಯಾಬಿನಿನಲ್ಲಿ. ಹದಿನಾಲ್ಕು ವರ್ಷ.
ರೇಡಿಯೋ ಜೋರು, ಕಾಲು ಸ್ಟೀರಿಂಗಿನ ಮೇಲೆ.
ಬೇಕೆಂದಾಗ ಇಂಜಿನ್ ಹಚ್ಚಿ ಸರಪಳಿ ಸರಿಸಲೆಂದು
ನಾನೇ ಕೂರಿಸಿದ್ದೆ.
"ಇನ್ನೊಂದು ಚೂರು ತಿರುಗಿಸಲಾ?"
"ತಡಿ, ನಾ ಹೇಳೋ ತನಕ."
ನನ್ನ ಮೊಣಕೈ ಐದನೆಯ ಸಾಲಿನೊಳಗಿತ್ತು.

ಪಿಕಪ್ಪು ಬಂದು ನಿಂತದ್ದು ಕೇಳಿಸಲಿಲ್ಲ.
ದಿನಾ ಬರುತ್ತಾನೆ ಹಾರ್ಮ್, "ಈ ಕಡೆ ಹೋಗ್ತಾ ಇದ್ದೆ" ಅನ್ನುತ್ತಾ.
ಈ ಕಡೆ ನಮ್ಮ ಶೆಡ್ಡು ಬಿಟ್ಟರೆ ಇನ್ನೇನೂ ಇಲ್ಲ.
ಇವತ್ತು ಅದನ್ನೂ ಅನ್ನಲಿಲ್ಲ.
ನನ್ನನ್ನು ನೋಡಿದ, ಕ್ಯಾಬಿನ್ ನೋಡಿದ,
ಎಪ್ಪತ್ತೆಂಟರ ಮುದುಕ ಆ ಏಣಿ ಹತ್ತಿದ ರೀತಿ!
ರೇಡಿಯೋ ಪಟ್ಟನೆ ನಿಂತಿತು.

ಇಳಿದು ಬಂದ, ಏದುಸಿರು.
ಎಡಗೈಯಲ್ಲಿ ಕೀಲಿಕೈ, ಬಲಗೈ ಎಂದಿನಂತೆ ಜೇಬಿನಲ್ಲಿ.
ನನ್ನ ಅಂಗಿಯ ಜೇಬಿಗೆ ಅದನ್ನು ಹಾಕಿ
ಮೇಲಿಂದ ಎರಡು ಸಲ ತಟ್ಟಿದ.
"ಒಳಗೆ ಯಾರ ಕೈಯೋ,
ಕೀಲಿಕೈ ಅವರ ಜೇಬಲ್ಲಿ."

ಆಮೇಲೆ ಬಲಗೈ ಹೊರಬಂತು, ನನ್ನೆದುರು ಮೊದಲ ಸಲ.
ಹೆಬ್ಬೆರಳು. ಕಿರುಬೆರಳು. ನಡುವೆ ನುಣುಪು.
ಆ ಹೆಬ್ಬೆರಳನ್ನೇ ಸಂದಿಗಿಳಿಸಿ, ಉದ್ದಕ್ಕೂ ಎಳೆದು,
"ಮುಂದೆ ಸರಿ ಇದೆ. ಹಿಂದೆ ಚೂರು ಬಿಗಿ," ಅಂದ.
"ಸರಪಳಿ ಸರಿಸಬೇಕಾದರೆ ಷಾಫ್ಟಿಗೆ ಸ್ಪ್ಯಾನರ್ ಕೊಟ್ಟು ತಿರುವು.
ನಿಧಾನ ಆಗುತ್ತೆ. ಆಗಲಿ."
ಬ್ರಿನ್ ಕೆಳಗಿಳಿದು ಗ್ರೀಸ್ ಗನ್ ಹಿಡಿದು ನಿಂತಿದ್ದಳು,
ಯಾರೂ ಕರೆದಿರಲಿಲ್ಲ.

ಸಂಜೆಯವರೆಗೆ ಬಗ್ಗಿದಾಗಲೆಲ್ಲ
ಎದೆಗೆ ಒತ್ತಿತು ಆ ಕಬ್ಬಿಣದ ಚೂರು.
ಏಳನೆಯ ಸಾಲಿಗೆ ಹೊಸ ಅಲಗು ಹಾಕಿ
ಬೋಲ್ಟುಗಳನ್ನು ಎಡಕ್ಕೇ ಮುಖ ಮಾಡಿ ಬಿಗಿದೆ.
ನನ್ನ ಬಲಗೈಗೆ ಅದು ಒಗ್ಗುವುದಿಲ್ಲ, ಗೆಣ್ಣು ತರಚಿತು.
ಇರಲಿ. ಎಂಟನೆಯದು ಬಾಕಿ ಇದೆ,
ನಾಳೆ ಅವನು ಈ ಕಡೆ ಹೋಗುತ್ತಿರುತ್ತಾನೆ.